ಸ್ನಾನಕ್ಕೆ ಹೋದ ಕಡಲಹಕ್ಕಿ

"ನನ್ನ ಚೀಲ ಹೋಯ್ತು!" ಅಂತ ಕೂಗ್ತಾ ಆಂಬ್ರೋಸ್ ಕಿಟ್ಸನ್ ಊಟದ ಕೋಣೆಗೆ ನುಗ್ಗಿದಾಗ ನಮ್ಮ ಅಮ್ಮಾವ್ರು, ಅಂದ್ರೆ ಮಿಸ್ ಟ್ಯಾಬಿತಾ ಡಿನ್ಸ್‌ಡೇಲ್, ಬೇಯಿಸಿದ ಮೊಟ್ಟೆಯ ತಲೆ ಒಡೀತಾ ಇದ್ರು.

"ಯಾವ ಚೀಲ? ಹಕ್ಕಿಗಳದ್ದಾ, ಹಣದ್ದಾ?" ಅಂದ್ರು.

"ಹಣದ್ದು, ಮೇಡಂ."

ಅಮ್ಮಾವ್ರು ಚಮಚ ಕೆಳಗಿಟ್ರು. ಬಿಸಿ ಮೊಟ್ಟೆ ಮುಂದೆ ಇದ್ದಾಗ ಅವರು ಚಮಚ ಕೆಳಗಿಟ್ಟಿದ್ದನ್ನ ನಾನು ಅದಕ್ಕೆ ಮುಂಚೆ ಒಂದೇ ಸಲ ನೋಡಿದ್ದೆ. ಅವತ್ತು ಮನೆಗೆ ಬೆಂಕಿ ಬಿದ್ದಿತ್ತು.

ನಾನು ಅವರ ಗಾಲಿಕುರ್ಚಿ ತಳ್ಳೋನು, ಜೇಬೆಜ್ ಅಂಪಲ್‌ಬಿ. ಅಮ್ಮಾವ್ರ ಕಾಲಿಗೆ ಏನೂ ಆಗಿರ್ಲಿಲ್ಲ. ಆದ್ರೆ ತಾನು ಕೂತಿದ್ರೆ ಮಾತ್ರ ತನ್ನ ತಲೆ ಓಡತ್ತೆ, ಹಾಗಾಗಿ ಕಾಲಿನ ಕೆಲಸ ಬೇರೆಯವರು ನೋಡ್ಕೋಬೇಕು ಅನ್ನೋದು ಅವರ ವಾದ. ಹ್ಯಾರೊಗೇಟಿನ ಗಂಧಕದ ಬಾವಿ ನೀರು ಕುಡಿದು ಹದಿನೈದು ದಿನದಲ್ಲಿ ವಾಪಸ್ ಹೋಗ್ತೀನಿ ಅಂತ ಬಂದೋರು, ಮಿಸೆಸ್ ಡಾಬ್ಸನ್ನಳ ವಸತಿಮನೇಲಿ ವರ್ಷಗಟ್ಟಲೆ ಉಳಿದುಬಿಟ್ರು. ಊರಲ್ಲಿ ಏನಾದ್ರೂ ಕಳೆದುಹೋದ್ರೆ ಜನ ಮೊದಲು ಅವರ ಹತ್ರ ಬರೋರು. ಆಮೇಲೆ ಪೊಲೀಸು, ಆಮೇಲೆ ದೇವರು.

ಆ ನೀರಿನ ವಿಷಯ ನಾನು ಉತ್ಪ್ರೇಕ್ಷೆ ಮಾಡಲ್ಲ. ಕೊಳೆತ ಮೊಟ್ಟೆ ನಾತ. ನಾನು ನೋಡ್ತಿರೋ ಹಾಗೇ ಒಬ್ಬ ಕುಂಟ ಒಂದು ಲೋಟ ಕುಡಿದು ಊರುಗೋಲು ಎಸೆದು ಓಡಿದ. ಇನ್ನೊಂದು ಲೋಟ ಕೊಡ್ತಾರೇನೋ ಅನ್ನೋ ಭಯಕ್ಕೆ. ಊರುಗೋಲು ಇವತ್ತಿಗೂ ನನ್ನ ಹತ್ರ ಇದೆ.

ಕಿಟ್ಸನ್ ಕುರ್ಚಿ ಮೇಲೆ ಕುಸಿದ. ಒಳ್ಳೇ ಮನುಷ್ಯ, ಒಣಕಲು ದೇಹ. ಅವನ ಹೆಂಡತಿ ಲಿಡಿಯಾ ಕಡಲತೀರದ ಹಕ್ಕಿಗಳ ಚಿತ್ರ ಬರೆಯೋಳು. ಪುಸ್ತಕ ಒಟ್ಟಿಗೆ ಬರ್ತಿರ್ಲಿಲ್ಲ, ಸಂಚಿಕೆ ಸಂಚಿಕೆಯಾಗಿ, ಒಂದೊಂದೂ ಬಾಗಿಲಿನಷ್ಟು ಅಗಲ. ಕಿಟ್ಸನ್ ಅದನ್ನ ಹೊತ್ತುಕೊಂಡು ಯಾರ್ಕ್‌ಶೈರ್ ತುಂಬಾ ಚಂದಾದಾರರ ಮನೆ ಬಾಗಿಲು ತಟ್ಟಿ, ಸಂಚಿಕೆ ಕೊಟ್ಟು, ಅದರ ಹಣ ಈಸ್ಕೊಂಡು ಮುಂದಿನ ಊರಿಗೆ ಹೋಗ್ತಿದ್ದ. ನಮ್ಮೂರು ಅವನ ಕೊನೇ ನಿಲ್ದಾಣ. ಹಿಂದಿನ ಸಂಜೆ ತಾನೇ ನಮ್ಮ ಮನೆ ಚಂದಾದಾರರಿಗೆಲ್ಲ ಹೊಸ ಸಂಚಿಕೆ ಹಂಚಿ ಚೀಲ ತುಂಬಿಸಿಕೊಂಡಿದ್ದ.

"ಶನಿವಾರದೊಳಗೆ ಯಾರ್ಕಿನ ಮುದ್ರಕನಿಗೆ ಹಣ ಸೇರ್ಬೇಕು, ಮೇಡಂ. ಕೊನೇ ಸಂಚಿಕೆ ಚಿತ್ರಗಳನ್ನ ಲಿಡಿಯಾ ಅವನ ಅಚ್ಚಿನ ಕಲ್ಲುಗಳ ಮೇಲೆ ಬರೆದು ಮುಗಿಸಿದಾಳೆ. ದುಡ್ಡು ಕಾಣದಿದ್ರೆ ಕಲ್ಲು ಉಜ್ಜಿ ಹಾಕಿ ಅದರಲ್ಲೇ ಸಾಸಿವೆ ಡಬ್ಬಿಯ ಚೀಟಿ ಅಚ್ಚು ಹಾಕ್ತೀನಿ ಅಂದಿದಾನೆ."

"ಉಜ್ಜಿದ್ರೆ ಮತ್ತೆ ಬರೀಲಿ," ಅಂದ್ರು ಎದುರಿಗೆ ಕೂತಿದ್ದ ಇನ್ನೊಬ್ಬ ಅತಿಥಿ ಕರ್ನಲ್ ಥ್ರೇಪ್, ಮಾಂಸ ಕುಯ್ಯೋದು ನಿಲ್ಲಿಸದೆ.

"ಅವಳ ಕಣ್ಣು ಮಂಜಾಗ್ತಾ ಇದೆ, ಕರ್ನಲ್ ಸಾಹೇಬ್ರೇ. ಈ ಸಲ ಬರೆದಿದ್ದೇ ಹೆಚ್ಚು. ಇನ್ನೊಂದು ಸಲ ಆಗಲ್ಲ."

ಕರ್ನಲ್ ಕುಯ್ಯೋದು ನಿಲ್ಲಿಸಿದ್ರು.

"ಚೀಲ ಎಲ್ಲಿತ್ತು?" ಅಮ್ಮಾವ್ರು ಕೇಳಿದ್ರು.

"ಮಂಚದ ಕೆಳಗೆ. ನಾನು ಯಾವಾಗ್ಲೂ ಭುಜಕ್ಕೆ ಹಾಕ್ಕೊಂಡೇ ಓಡಾಡೋನು. ಆದ್ರೆ ಚೀಲದಲ್ಲಿ ಬಹುಪಾಲು ಬೆಳ್ಳಿ ನಾಣ್ಯ. ಬೆಳ್ಳಿ ಇಟ್ಕೊಂಡು ಬಾವಿ ಹತ್ರ ಹೋಗ್ಬೇಡಿ ಅಂತ ಮಿಸೆಸ್ ಡಾಬ್ಸನ್ ಹೇಳಿದ್ರು."

"ಹೇಳಿದ್ದು ಹೌದು!" ಅಂದ್ಲು ಮಿಸೆಸ್ ಡಾಬ್ಸನ್, ಟೀ ಪಾತ್ರೆ ಎದೆಗೆ ಅವಚಿಕೊಂಡು. "ನಮ್ಮ ಗಂಧಕಕ್ಕೆ ಬೆಳ್ಳಿ ಕಪ್ಪಾಗತ್ತೆ. ಹುಟ್ಟಿದ ಮಗೂಗೂ ಗೊತ್ತು. ಅದಕ್ಕೆ ನಾನೇ ಕಳ್ಳಿ ಆಗ್ಬಿಟ್ನಾ?"

"ನಿನ್ನ ಯಾರೂ ಏನೂ ಅನ್ನಲಿಲ್ಲ, ತಾಯಿ. ಟೀ ಚೆಲ್ತಾ ಇದೆ."

ಬೆಳಗ್ಗೆ ತಿಂಡಿಗೆ ಮುಂಚೆ ಮನೆಯವರೆಲ್ಲ ಬಾವಿಗೆ ಹೋಗೋದು ಪದ್ಧತಿ. ಅವತ್ತೂ ಹೋಗಿದ್ವಿ. ಅಡುಗೆಮನೇಲಿ ಮಿಸೆಸ್ ಡಾಬ್ಸನ್ ಒಬ್ಬಳೇ. ವರ್ಷಗಳಿಂದ ಇಲ್ಲೇ ಇರೋ ಕರ್ನಲ್ ಥ್ರೇಪ್ ಮಾತ್ರ ಮಧ್ಯದಲ್ಲಿ ಕರವಸ್ತ್ರ ಮರೆತೆ ಅಂತ ಮನೆಗೆ ವಾಪಸ್ ಬಂದು ಹೋಗಿದ್ರು. ಪ್ರತಿ ಬೇಸಿಗೆ ಬರೋ ಉಣ್ಣೆ ವ್ಯಾಪಾರಿಯ ವಿಧವೆ ಮಿಸೆಸ್ ಸಗ್ಡನ್ ಬಾವಿಕಟ್ಟೇಲಿ ನನ್ನ ಪಕ್ಕಾನೇ ನಿಂತು ಮೂಗು ಹಿಡ್ಕೊಂಡು ಕುಡೀತಿದ್ಲು. ಇನ್ನು ಹೋದ ವಾರವಷ್ಟೇ ಬಂದಿದ್ದ ಪಾದ್ರಿ ಸೆಪ್ಟಿಮಸ್ ಲವೆಲ್. ಪಾಪ, ಗಂಟಲು ನೋವು, ನೀರು ಕುಡಿಯೋರಲ್ಲ, ಅದೇ ನೀರಿನ ಬಿಸಿ ಸ್ನಾನಗೃಹಕ್ಕೆ ಮಾತ್ರ ಹೋಗೋರು. ಎಲ್ಲರಿಗಿಂತ ಕೊನೇಲಿ, ತೋಳ ಮೇಲೆ ಟವೆಲ್ ರಾಶಿ, ಅದರ ಮೇಲೆ ಹಿಂದಿನ ಸಂಜೆ ತಾನೇ ಕೊಂಡ ಹಕ್ಕಿ ಸಂಚಿಕೆ ಹೊತ್ಕೊಂಡು ಇಳಿಜಾರಲ್ಲಿ ಬರ್ತಿದ್ದೋರನ್ನ ನಾನು ನೋಡಿ, "ಸ್ನಾನಕ್ಕೆ ಹಕ್ಕಿ ಯಾಕೆ, ಪಾದ್ರಿಗಳೇ?" ಅಂದಿದ್ದೆ. "ಸ್ನಾನಗೃಹದ ಡಾಕ್ಟರಿಗೆ ತೋರಿಸೋಣ ಅಂತ, ಅವರಿಗೆ ಹಕ್ಕಿ ಅಂದ್ರೆ ಪ್ರಾಣ," ಅಂದಿದ್ರು. ಅಷ್ಟು ಮೆತ್ತಗಿನ ದನಿ ನಾನು ಕೇಳಿಲ್ಲ. ಅವರು ಹತ್ರ ಬಂದ್ರೆ ಬೆಕ್ಕುಗಳೂ ಕ್ಷಮೆ ಕೇಳ್ತಿದ್ವು.

ಪೊಲೀಸಿನವನು ಬಂದು ಮನೆಯಿಡೀ ಜಾಲಾಡಿದ. ಹಾಸಿಗೆ ಬಿಚ್ಚಿದ, ಪೆಟ್ಟಿಗೆ ತೆಗೆದ, ಹೊಗೆಗೂಡಿಗೆ ತಲೆ ಹಾಕಿ ಕರಿಯನಾಗಿ ಹೊರಗೆ ಬಂದ. ಚೀಲ ಸಿಗಲಿಲ್ಲ. ಕೊನೆಗೆ ಕಿಟ್ಸನ್ ಕಡೆ ತಿರುಗಿ, "ಹಣ ಕಳೆದುಕೊಂಡೋರು ತಾವೇ ನುಂಗಿರೋದು ನಾನು ಬೇಕಾದಷ್ಟು ನೋಡಿದೀನಿ. ಶನಿವಾರದ ತನಕ ಊರು ಬಿಡಕೂಡದು," ಅಂದ.

"ಶನಿವಾರ ಇವನು ಯಾರ್ಕಲ್ಲಿ ಇರ್ಬೇಕು," ಅಂದ್ರು ಅಮ್ಮಾವ್ರು.

"ಜೈಲಲ್ಲಿ ಇರ್ತಾನೆ, ಮೇಡಂ."

"ನೋಡೋಣ. ಮೊದಲು ಮುಖ ತೊಳ್ಕೊಳಪ್ಪ."

ಮಾರನೇ ದಿನ, ಗುರುವಾರ, ಟೀ ಹೊತ್ತಿಗೆ ಇನ್ನೊಂದು ರಾದ್ಧಾಂತ. ಮಿಸೆಸ್ ಸಗ್ಡನ್ ತನ್ನ ಸಂಚಿಕೆ ಮೇಲೆ ಜಾಮ್ ಬೀಳಿಸಿಕೊಂಡಿದ್ಲು. ಕಲೆ ಇಲ್ಲದ ಚಿತ್ರ ಹೇಗಿದೆ ನೋಡ್ಬೇಕು ಅಂತ ಪಾದ್ರಿಗಳ ಪ್ರತಿ ತರಿಸಿದ್ಲು. ಆ ಸಂಚಿಕೆ ಚಿತ್ರ ಏನು ಅಂದ್ರೆ, ಗುಡುಗು ಮೋಡದ ಮುಂದೆ ರೆಕ್ಕೆ ಬಿಚ್ಚಿದ ದೊಡ್ಡ ಬಿಳಿ ಕಡಲಹಕ್ಕಿ. ಮೋಡ ಬೂದು, ಹಕ್ಕಿಗೆ ಮಾತ್ರ ಲಿಡಿಯಾ ಕೈಯಾರೆ ಹಚ್ಚಿದ ದಪ್ಪ ಬಿಳಿ ಬಣ್ಣ. ನೋಡಿದ್ರೆ ಕಾಗದದಿಂದ ಗಾಳಿ ಬಂದಂಗಾಗೋದು.

ಮಿಸೆಸ್ ಸಗ್ಡನ್ ಹೊದಿಕೆ ತೆಗೆದು ಚೀರಿದ್ಲು. "ಇದೇನ್ರೀ, ಕಾಗೆ!"

ಹೌದು. ಪಾದ್ರಿಗಳ ಹಕ್ಕಿ ಒಲೆ ಒಳಗಿಂದ ಹಾರಿ ಬಂದಂಗೆ ಕಪ್ಪಾಗಿತ್ತು.

"ಕಳಪೆ ಬಣ್ಣ!" ಕರ್ನಲ್ ಮೇಜು ಗುದ್ದಿದ್ರು. "ಹೆಂಡತಿ ಮೋಸದ ಬಣ್ಣ ಹಚ್ತಾಳೆ, ಗಂಡ ದುಡ್ಡು ಮಾಯ ಮಾಡ್ತಾನೆ. ಒಳ್ಳೇ ಸಂಸಾರ!"

ಕಿಟ್ಸನ್ ಎದ್ದು ನಿಂತ. ಹಣ ಹೋದಾಗ ಕುಸಿದು ಕೂತಿದ್ದ ಮನುಷ್ಯ ಈಗ ಕೂರಲಿಲ್ಲ. "ನನ್ನ ಕಳ್ಳ ಅನ್ನಿ, ಸಾಹೇಬ್ರೇ, ತಡ್ಕೋತೀನಿ. ಅವಳ ಬಣ್ಣಕ್ಕೆ ಮಾತಾಡ್ಬೇಡಿ. ಅವಳು ಊಟ ಬಿಟ್ಟು ಒಳ್ಳೇ ಬಿಳಿ ಕೊಳ್ತಾಳೆ."

"ಜಗಳ ಬೇಡ," ಅಂದ್ರು ಪಾದ್ರಿ ಲವೆಲ್. "ನನಗೆ ಬೇಜಾರಿಲ್ಲ. ಆ ಸಂಚಿಕೆ ನನ್ನ ಪೆಟ್ಟಿಗೆಯಿಂದ ಹೊರಗೇ ಬಂದಿಲ್ಲ. ಬಣ್ಣ ತಾನಾಗೇ ಕೆಟ್ಟಿದೆ, ಅಷ್ಟೆ. ಕ್ಷಮಿಸಿಬಿಡೋಣ. ಅಷ್ಟೇ ಅಲ್ಲ, ಈ ಬಡ ದಂಪತಿಗೋಸ್ಕರ ನಾವೇ ಒಂದಿಷ್ಟು ಸೇರಿಸಿ ಕೊಡೋಣ." ತಮ್ಮ ಟೋಪಿ ತಿರುಗಿಸಿ ಹಿಡಿದು, ಎಲ್ಲರಿಗಿಂತ ಮುಂಚೆ ತಾವೇ ಒಂದು ಹಿಡಿ ಶಿಲಿಂಗ್ ಸುರಿದ್ರು. ಒಂದೊಂದೂ ಮುಖ ನೋಡ್ಕೊಳ್ಳೋ ಹಾಗೆ ಹೊಳೀತಿತ್ತು.

ಮಿಸೆಸ್ ಸಗ್ಡನ್ ಹಾಕಿದ್ಲು, ಮಿಸೆಸ್ ಡಾಬ್ಸನ್ ಹಾಕಿದ್ಲು, ನಾನೂ ಹಾಕಿದೆ. ಕರ್ನಲ್ ಬೈಕೊಂಡೇ ಜೇಬಿಗೆ ಕೈ ಹಾಕಿದ್ರು. ಅವರ ನಾಣ್ಯ ಜ್ಯೇಷ್ಠಮಧು ಮಿಠಾಯಿ ಥರ ಕಪ್ಪು. ನನ್ನ ತಲೇಲಿ ದೀಪ ಹತ್ತಿತು.

ಟೋಪಿ ಅಮ್ಮಾವ್ರ ಹತ್ರ ಬಂತು. ಅವರು ಹೊಳೆಯೋ ಶಿಲಿಂಗ್ ಒಂದನ್ನ ಎತ್ತಿ ಕಿಟಕಿ ಕಡೆ ಹಿಡಿದ್ರು. "ಎಷ್ಟು ಚೆನ್ನಾಗಿದೆ! ಇದು ನನಗಿರ್ಲಿ, ಬದಲಿಗೆ ನನ್ನದು ಎರಡು ಹಾಕ್ತೀನಿ," ಅಂದ್ರು. ಆಮೇಲೆ ಪಾದ್ರಿಗಳ ಕಪ್ಪು ಹಕ್ಕೀನ ಬಹಳ ಹೊತ್ತು ನೋಡಿ, ಮೂಗು ಹತ್ರ ತಂದು ಮೂಸಿದ್ರು. ಜಾಮ್ ಮೂಸೋರನ್ನ ನೋಡಿದೀನಿ. ಹಕ್ಕಿ ಮೂಸೋರನ್ನ ನೋಡಿದ್ದು ಅದೇ ಮೊದಲು.

ಹೊರಗೆ ಬಂದ ಮೇಲೆ ನಾನು ಕುರ್ಚಿ ಹಿಂದಿಂದ ಬಗ್ಗಿ, "ಕರ್ನಲ್ಲೇ, ಅಮ್ಮಾವ್ರೇ! ಕರವಸ್ತ್ರದ ನೆಪ ಹೇಳಿ ಮನೆಗೆ ಬಂದ್ರು. ನಾಣ್ಯ ನೋಡಿದ್ರಾ, ಎಷ್ಟು ಕಪ್ಪು! ಬಾವೀಲೇ ಬಚ್ಚಿಟ್ಟಿರ್ಬೇಕು!" ಅಂದೆ.

"ನಿನ್ನ ಜೇಬಲ್ಲಿರೋ ಶಿಲಿಂಗ್ ತೆಗಿ, ಜೇಬೆಜ್."

ತೆಗೆದೆ. ಅದೂ ಕಪ್ಪಗಿತ್ತು. ಒಂದು ಕ್ಷಣ ನನ್ನ ಮೇಲೆ ನನಗೇ ಅನುಮಾನ ಬಂತು.

"ಪಾದ್ರಿಗಳು ಸಂಚಿಕೆ ಪೆಟ್ಟಿಗೆಯಿಂದ ಹೊರಗೇ ತೆಗೆದಿಲ್ಲ ಅಂದ್ರಲ್ಲ, ನಿಜಾನಾ?"

"ಇಲ್ವಲ್ಲ, ನಿನ್ನೆ ಸ್ನಾನಗೃಹಕ್ಕೆ ತಗೊಂಡು ಹೋಗ್ತಿದ್ರು. ಮರೆತಿರ್ಬೇಕು, ಪಾಪ."

"ಪಾಪ," ಅಂದ್ರು ಅಮ್ಮಾವ್ರು. "ಮನೆಗೆ ತಿರುಗಿಸು. ನಿಂಗೊಂದು ಕೆಲಸ ಇದೆ."

ಕೆಲಸ ಇದು: ಅಮ್ಮಾವ್ರ ಸ್ವಂತ ಸಂಚಿಕೆಯ ಬಿಳಿ ಹಕ್ಕೀನ ಸ್ನಾನಗೃಹಕ್ಕೆ ತಗೊಂಡು ಹೋಗಿ, ಪಾದ್ರಿಗಳು ಸ್ನಾನ ಮಾಡೋ ಕೋಣೇಲೇ ಬಿಟ್ಟು, ಶುಕ್ರವಾರ ಸಂಜೆ ವಾಪಸ್ ತರೋದು. ಸ್ನಾನಗೃಹ ನೋಡ್ಕೊಳ್ಳೋ ಮುದುಕಿ ನನ್ನನ್ನೂ ಹಕ್ಕೀನೂ ಮೇಲಿಂದ ಕೆಳಗೆ ನೋಡಿದ್ಲು.

"ಯಾಕೆ, ಹಕ್ಕಿಗೆ ಮಂಡಿನೋವಾ?"

"ರೆಕ್ಕೆ ಸೆಳೆತ. ಪಾದ್ರಿ ಲವೆಲ್ ಯಾವ ಕೋಣೇಲಿ ಮೀಯೋದು?"

"ಕೊನೇದರಲ್ಲಿ. ಅಲ್ಲಿ ನೆಲದ ಹಲಗೆ ಅಲ್ಲಾಡತ್ತೆ, ಬೇರೆ ಕೋಣೆ ಕೊಡ್ತೀನಿ ಅಂದ್ರೂ ಬೇಡ ಅಂತಾರೆ. ಒಳ್ಳೇ ಮನುಷ್ಯ, ಹಟ ಇಲ್ಲ, ಆ ಕೋಣೆ ಒಂದು ಬಿಟ್ರೆ."

ಮನೆಗೆ ಬಂದಾಗ ಮಿಸೆಸ್ ಡಾಬ್ಸನ್ ಅಡುಗೆಮನೇಲಿ ಗೊಣಗ್ತಾ ಇದ್ಲು. "ಪಾದ್ರಿಗಳಿಗೆ ಎಷ್ಟು ಹಲ್ಲಿದೆ, ಜೇಬೆಜ್? ಮಧ್ಯಾಹ್ನದಿಂದ ಹಲ್ಲುಪುಡಿ ಕೊಡಿ, ಹಲ್ಲುಪುಡಿ ಕೊಡಿ ಅಂತ. ಡಬ್ಬಿ ಖಾಲಿ. ಮೊಸಳೆ ಕೂಡ ಅಷ್ಟು ಉಜ್ಜಲ್ಲ."

ಮುದುಕಿ ಹೇಳಿದ್ದನ್ನೂ ಇದನ್ನೂ ಅಮ್ಮಾವ್ರಿಗೆ ಹೇಳಿದೆ. ಅವರು ನಗಲಿಲ್ಲ. ನಂಗೆ ಒಂದು ಇಡೀ ಓಟ್‌ಕೇಕ್ ಕೊಟ್ರು. ಅದರರ್ಥ ನಾನು ಏನೋ ಮಹತ್ವದ್ದು ಹೇಳಿದೀನಿ ಅಂತ. ಏನು ಅಂತ ಗೊತ್ತಾಗದೆ ತಿಂದೆ.

ಶುಕ್ರವಾರ ಸಂಜೆ ಎಲ್ಲರೂ ಹಜಾರದಲ್ಲಿ ಸೇರಿದ್ವಿ. ಪೊಲೀಸಿನವನು ಬಾಗಿಲ ಹತ್ರ ನಿಂತಿದ್ದ. ಕಿಟ್ಸನ್ ಮೂಲೇಲಿ ಟೋಪಿ ಅಂಚು ತಿರುಗಿಸ್ತಾ ಇದ್ದ. ಯಾರ್ಕಿಗೆ ಹೋಗೋ ಕೊನೇ ಕೋಚ್ ಬಂಡಿ ಬೆಳಗ್ಗೆ ಹೊರಡೋದು. ಅದರಲ್ಲಿ ಅವನು ಹೋಗದಿದ್ರೆ ಕಲ್ಲು ಉಜ್ಜೋದು ಖಂಡಿತ.

"ಮೊದಲು ಹಕ್ಕಿ ವಿಷಯ," ಅಂದ್ರು ಅಮ್ಮಾವ್ರು. "ಜೇಬೆಜ್."

ನಾನು ಸ್ನಾನಗೃಹದಿಂದ ತಂದ ಸಂಚಿಕೆ ತೆರೆದೆ. ಎಲ್ಲರೂ ಉಸಿರೆಳ್ಕೊಂಡ್ರು. ಅಮ್ಮಾವ್ರ ಹಕ್ಕೀನೂ ಕಪ್ಪು.

"ನಿನ್ನೆ ಮಧ್ಯಾಹ್ನ ಇದು ಹಾಲಿನ ಥರ ಇತ್ತು. ಮಿಸೆಸ್ ಕಿಟ್ಸನ್ ಹಚ್ಚೋದು ಸೀಸದ ಬಿಳಿ, ಅದಕ್ಕಿಂತ ಒಳ್ಳೇದು ಇಲ್ಲ. ಆದ್ರೆ ಗಂಧಕದ ಆವಿ ಬೆಳ್ಳಿಗೆ ಏನು ಮಾಡತ್ತೋ ಸೀಸಕ್ಕೂ ಅದನ್ನೇ ಮಾಡತ್ತೆ. ಇಲ್ಲಿ ಗುಡ್ಡದ ಮೇಲೆ, ಈ ಮನೇಲಿ ಇಟ್ಟ ಪ್ರತಿಗಳೆಲ್ಲ ಬಿಳಿ. ಕಪ್ಪಾಗಿರೋದು ಎರಡೇ. ಒಂದು ನಾನು ಕಳಿಸಿದ್ದು. ಹಾಗಾದ್ರೆ ಇನ್ನೊಂದು?"

"ಪೆಟ್ಟಿಗೇಲೇ ಇತ್ತು," ಅಂದ್ರು ಪಾದ್ರಿ ಲವೆಲ್, ಮೆತ್ತಗೆ.

"ಬುಧವಾರ ಬೆಳಗ್ಗೆ ಟವೆಲ್ ಮೇಲೆ ಇಟ್ಕೊಂಡು ಹೋಗ್ತಿದ್ದಿದ್ದನ್ನ ಜೇಬೆಜ್ ನೋಡಿದಾನೆ."

"ಆಂ... ಹೌದಲ್ಲ, ಡಾಕ್ಟರಿಗೆ ತೋರಿಸೋಕೆ. ಮರೆತೇ ಹೋಗಿತ್ತು."

"ಡಾಕ್ಟರ್ ಬುಧವಾರ ಲೀಡ್ಸಲ್ಲಿದ್ರು, ವಿಚಾರಿಸಿದೆ. ನಿಮಗೆ ಹಕ್ಕಿ ಬೇಕಿರ್ಲಿಲ್ಲ, ಪಾದ್ರಿಗಳೇ. ಅದರ ಅಗಲ ಬೇಕಿತ್ತು. ಕೆಳಗೆ ಟವೆಲ್, ಟವೆಲಲ್ಲಿ ಚೀಲ, ಮೇಲೆ ಬಾಗಿಲಿನಷ್ಟು ಅಗಲದ ಸಂಚಿಕೆ. ಈ ಊರಲ್ಲಿ ಅರ್ಧ ಜನ ಅದನ್ನ ಹೊತ್ಕೊಂಡೇ ಓಡಾಡೋರು, ಯಾರು ಅನುಮಾನ ಪಡ್ತಾರೆ? ಕೊನೇ ಕೋಣೆಯ ಅಲ್ಲಾಡೋ ಹಲಗೆ ಕೆಳಗೆ ಎರಡನ್ನೂ ಇಟ್ರಿ. ಮನೆ ಶೋಧ ಮುಗಿದ ಮೇಲೆ ಗುರುವಾರ ಬೆಳಗ್ಗೆ ಹಾಗೇ ವಾಪಸ್ ತಂದ್ರಿ. ಒಮ್ಮೆ ಹುಡುಕಿದ ಮನೇನ ಪೊಲೀಸು ಇನ್ನೊಮ್ಮೆ ಹುಡುಕಲ್ಲ."

"ಕರ್ನಲ್ ಸಾಹೇಬ್ರೂ ಅವತ್ತು ಮನೆಗೆ ಹೋಗಿದ್ರಲ್ಲ?" ಅಂದ ಪೊಲೀಸಿನವನು.

"ಕರವಸ್ತ್ರ ಅಂದಿದ್ದು ಸುಳ್ಳು," ಕರ್ನಲ್ ಕೆಂಪಾದ್ರು. "ನಾನು... ಆ ನೀರು ಕುಡಿಯೋಕೆ ಆಗದೆ ಓಡಿ ಬಂದೆ. ಹತ್ತು ವರ್ಷದಿಂದ ಪೊದೆಗೆ ಚೆಲ್ತಾ ಇದೀನಿ."

"ಆ ಪೊದೆಗೆ ಅಷ್ಟೊಂದು ಆರೋಗ್ಯ ಎಲ್ಲಿಂದ ಬಂತು ಅಂತ ನಾನೂ ಯೋಚಿಸ್ತಿದ್ದೆ," ಅಂದ್ಲು ಮಿಸೆಸ್ ಸಗ್ಡನ್.

"ಇದೆಲ್ಲ ಬರೀ ಊಹೆ," ಅಂದ್ರು ಪಾದ್ರಿ. ಈಗ ದನಿ ಅಷ್ಟು ಮೆತ್ತಗಿರ್ಲಿಲ್ಲ. "ನಾನು ಸೇರಿಸಿ ಕೊಡೋಣ ಅಂದೋನು. ಕಳ್ಳ ಯಾರಾದ್ರೂ ಹಣ ಕಳ್ಕೊಂಡೋನಿಗೇ ದಾನ ಮಾಡ್ತಾನಾ?"

"ನಿಮ್ಮ ದಾನವೇ ನಿಮ್ಮನ್ನ ಹಿಡ್ಕೊಟ್ಟಿದ್ದು." ಅಮ್ಮಾವ್ರು ಆ ಹೊಳೆಯೋ ಶಿಲಿಂಗನ್ನ ಮೇಜಿನ ಮೇಲಿಟ್ರು. "ಹಲಗೆ ಎತ್ತಿದಾಗ ನಾಣ್ಯ ಕಪ್ಪಾಗಿದ್ದು ನೋಡಿ ಹೆದರಿದ್ರಿ. ಕಪ್ಪು ನಾಣ್ಯ ಕಂಡ್ರೆ ಸ್ನಾನಗೃಹದಲ್ಲಿ ಬಚ್ಚಿಟ್ಟಿದ್ದು ಗೊತ್ತಾಗತ್ತೆ ಅಂದ್ಕೊಂಡ್ರಿ. ಹಲ್ಲುಪುಡಿ ಈಸ್ಕೊಂಡು ಕೂತು ಉಜ್ಜಿದ್ರಿ. ಇದನ್ನ ನೋಡಿ. ರಾಜನ ಮೂಗು ಸವೆದು ಹೋಗಿದೆ, ಅಷ್ಟು ಹಳೇ ನಾಣ್ಯ. ಆದ್ರೂ ಟಂಕಸಾಲೆಯಿಂದ ಈಗ ತಾನೇ ಬಂದಂಗೆ ಹೊಳೀತಿದೆ. ಕರ್ನಲ್ ನಾಣ್ಯ ಕಪ್ಪು, ಮಿಸೆಸ್ ಸಗ್ಡನ್ನದು ಕಪ್ಪು, ಜೇಬೆಜ್‌ದು ಕಪ್ಪು. ಇಲ್ಲಿ ಇದ್ದೋರ ಜೇಬಲ್ಲಿ ಬೆಳ್ಳಿ ಕಪ್ಪಾಗದೆ ಇನ್ನೇನಾಗತ್ತೆ? ಯಾರೂ ಅದನ್ನ ನೋಡೋದೂ ಇಲ್ಲ, ಉಜ್ಜೋದೂ ಇಲ್ಲ. ಹ್ಯಾರೊಗೇಟಲ್ಲಿ ಕೂತು ಶಿಲಿಂಗ್ ಉಜ್ಜೋ ಕಷ್ಟ ತಗೊಳ್ಳೋನು ಹೊಸಬ. ಅದೂ ಕಪ್ಪಿಗೆ ಹೆದರೋ ಕಾರಣ ಇರೋ ಹೊಸಬ. ಈ ಮನೇಲಿ ಹೊಸಬರು ಇಬ್ಬರೇ. ಕಿಟ್ಸನ್‌ಗೆ ಮಿಸೆಸ್ ಡಾಬ್ಸನ್ ಮೊದಲೇ ಎಚ್ಚರಿಕೆ ಹೇಳಿದ್ಲು, ಅವನು ಗಂಧಕದ ಹತ್ರ ಬೆಳ್ಳಿ ಇಡ್ತಿರ್ಲಿಲ್ಲ."

ಪಾದ್ರಿ ಬಾಗಿಲ ಕಡೆ ನೋಡಿದ್ರು. ಬಾಗಿಲ ತುಂಬಾ ಪೊಲೀಸಿನವನು. ಕಿಟಕಿ ಕಡೆ ನೋಡಿದ್ರು. ಅಲ್ಲಿ ನಾನು. ಧೈರ್ಯವಾಗಿ ನಿಂತಿದ್ದೆ ಅಂತ ಆಮೇಲೆ ಊರೆಲ್ಲ ಹೇಳಿದೀನಿ. ನಿಜ ಅಂದ್ರೆ ಗಾಲಿಕುರ್ಚಿ ನನ್ನ ಕಾಲ ಮೇಲೆ ನಿಂತಿತ್ತು.

ಪೆಟ್ಟಿಗೆ ತೆಗೆಸಿದ್ವಿ. ಉಣ್ಣೆಯ ಕಾಲುಚೀಲಗಳ ತುಂಬಾ ನಾಣ್ಯ, ಕೆಲವು ಕಪ್ಪು, ಕೆಲವು ಬೆಳ್ಳಗೆ, ಜೊತೆಗೆ ಯಾವ ಊರಿನ ಯಾವ ಪಾದ್ರಿಯದೋ ಹೆಸರು ಹೊಲಿದಿದ್ದ ಒಂದು ಬಿಳಿ ಕೊರಳುಪಟ್ಟಿ. ಈ ಮನುಷ್ಯ ಪಾದ್ರಿಯೇ ಅಲ್ಲ.

"ಎಷ್ಟು ಚೆನ್ನಾಗಿ ಉಜ್ಜಿದ್ದೆ," ಅಂದ ಅವನು, ನಿಜವಾಗ್ಲೂ ನೊಂದು. ಪೊಲೀಸಿನವನು ಅವನ ತೋಳು ಹಿಡ್ಕೊಂಡು ಹೊರಟ. ಹೋಗೋ ಮುಂಚೆ ಪೊಲೀಸಿನವನೇ ಕಿಟ್ಸನ್ ಎದುರು ನಿಂತು, "ನಾನು ಏನಾದ್ರೂ ಅಂದಿದ್ರೆ..." ಅಂದ. ಕಿಟ್ಸನ್ ಅವನ ಕೈ ಹಿಡಿದು ಕುಲುಕಿದ. ಅಲ್ಲಿದ್ದ ಎಲ್ಲರ ಕೈ ಕುಲುಕಿದ. ಟೀ ಪಾತ್ರೆಯ ಹಿಡಿಯನ್ನೂ ಕುಲುಕಿದ, ಅದು ಮಿಸೆಸ್ ಡಾಬ್ಸನ್ ಕೈಯಲ್ಲಿತ್ತು. ಅಮ್ಮಾವ್ರ ಮುಂದೆ ಬಂದು ಅವರ ಗಾಲಿಕುರ್ಚಿಯ ಹಿಡಿಯನ್ನೂ ಕುಲುಕಿದ.

"ಹೋಗಿ ಮಲಗಪ್ಪಾ. ಬೆಳಗ್ಗೆ ಬಂಡಿ ತಪ್ಪಿದ್ರೆ ನನ್ನ ಹಕ್ಕಿ ಹಾಳಾಗಿದ್ದು ದಂಡ," ಅಂದ್ರು ಅಮ್ಮಾವ್ರು.

ಬಂಡಿ ತಪ್ಪಲಿಲ್ಲ. ಟೋಪೀಲಿ ಸೇರಿಸಿದ ಹಣ ಯಾರೂ ವಾಪಸ್ ಕೇಳಲಿಲ್ಲ. ಕರ್ನಲ್ ಅದರ ಜೊತೆಗೆ ಇನ್ನೊಂದು ಕ್ರೌನ್ ನಾಣ್ಯ ಹಾಕಿ, ಹಾಕಿದ್ದು ತಾನಲ್ಲ ಅಂತ ವಾದ ಮಾಡಿದ್ರು.

ಮುಂದಿನ ವಸಂತದಲ್ಲಿ ಕೊನೇ ಸಂಚಿಕೆ ಬಂತು. ಈ ಸಲ ಕಿಟ್ಸನ್ ಒಬ್ಬನೇ ಬರಲಿಲ್ಲ, ಲಿಡಿಯಾನೂ ಬಂದಿದ್ಲು. ಸಣ್ಣ ಹೆಂಗಸು, ಉಗುರಿನ ಸಂದೀಲಿ ನೀಲಿ ಬಣ್ಣ, ಗಂಡನ ತೋಳು ಹಿಡ್ಕೊಂಡು ಮೆಟ್ಟಿಲು ಕಾಲಲ್ಲಿ ತಡಕ್ತಾ ಹತ್ತಿದ್ಲು. ಕೊನೇ ಸಂಚಿಕೆ ಜೊತೆ ಚಂದಾದಾರರ ಹೆಸರು ಅಚ್ಚು ಹಾಕಿ ಕೊಡೋದು ಈ ಪುಸ್ತಕಗಳ ಪದ್ಧತಿ. ಮಿಸೆಸ್ ಡಾಬ್ಸನ್ ಗಟ್ಟಿಯಾಗಿ ಓದ್ತಾ ಹೋದ್ಲು: ಡ್ಯೂಕು, ಬಿಷಪ್ಪು, ಮಿಸ್ ಡಿನ್ಸ್‌ಡೇಲ್, ಕರ್ನಲ್ ಥ್ರೇಪ್, ಆಮೇಲೆ ಜೇಬೆಜ್ ಅಂಪಲ್‌ಬಿ, ಹ್ಯಾರೊಗೇಟ್.

"ನಾನು ಚಂದಾ ಕೊಟ್ಟಿಲ್ವಲ್ಲ," ಅಂದೆ.

"ನಾನು ಹಾಕಿಸಿದ್ದು," ಅಂದ್ಲು ಲಿಡಿಯಾ. "ಕೊಟ್ಟೋರ ಹೆಸರೆಲ್ಲ ಹಾಕ್ಬೇಕು ತಾನೆ?"

ಅಮ್ಮಾವ್ರು ಗಾಲಿಕುರ್ಚಿಯಿಂದ ಎದ್ರು. "ಕೂತ್ಕೊಳ್ಳಮ್ಮಾ, ಬಿಸಿಲು ಚೆನ್ನಾಗಿದೆ, ಜೇಬೆಜ್ ಸುತ್ತಾಡಿಸ್ಕೊಂಡು ಬರ್ತಾನೆ. ನಾನು ನಡೀತೀನಿ."

ನಾನು ಲಿಡಿಯಾನ ಹುಲ್ಲುಬಯಲಿಗೆ ತಳ್ಕೊಂಡು ಹೋದೆ. ಅವಳು ಮುಖ ಎತ್ತಿ ಕಿವಿ ಕೊಟ್ಟು, "ಅಲ್ಲಿ ಮರದ ಮೇಲೆ ಏನೋ ಅಲ್ಲಾಡ್ತಿದೆ. ಯಾವ ಹಕ್ಕಿ?" ಅಂತ ಕೇಳಿದ್ಲು.

ಎರಡು ತಲೆಯ ಹದ್ದು ಅನ್ನೋ ಸುಳ್ಳು ಬಾಯಿಗೆ ಬಂದಿತ್ತು. ಅದನ್ನ ನುಂಗಿಕೊಂಡೆ. ಕಣ್ಣು ಕಿರಿದು ಮಾಡಿ ಸರಿಯಾಗಿ ನೋಡಿದೆ.

"ಗುಬ್ಬಿ, ಅಮ್ಮಾ," ಅಂದೆ. "ಹೆಣ್ಣು ಗುಬ್ಬಿ. ಬಾಯಲ್ಲಿ ಒಂದು ಒಣಹುಲ್ಲಿನ ಕಡ್ಡಿ ಇದೆ."